ಈಜಿಪ್ಟಿನ ಅರಸ ಡೆನ್: ಸಮಾಧಿಯಿಂದ ಓದಿಕೊಂಡ ಆಳ್ವಿಕೆ

ಪ್ರಶ್ನೆ: ಈಜಿಪ್ಟಿನ ಮೊದಲ ರಾಜವಂಶದ ಅರಸ ಡೆನ್ ಸಕ್ಕಾರದಲ್ಲಿ ಸಮಾಧಿಯಾದನೆಂದು ಒಂದು ಹಳೆಯ ಪುಸ್ತಕದಲ್ಲಿಯೂ ಅಬೈಡಾಸ್‌ನಲ್ಲಿ ಸಮಾಧಿಯಾದನೆಂದು ಇನ್ನೊಂದರಲ್ಲಿಯೂ ಓದಿದೆ. ಇವುಗಳಲ್ಲಿ ಯಾವುದು ಸರಿ? ಪಿರಮಿಡ್‌ಗಳೇ ಇಲ್ಲದ ಕಾಲದ ಒಬ್ಬ ಅರಸನ ಆಳ್ವಿಕೆಯ ವಿವರಗಳು ಇಂದು ನಮಗೆ ತಿಳಿದಿರುವುದು ಹೇಗೆ? ಅವನೊಂದಿಗೆ ಸೇವಕರನ್ನೂ ಕೊಂದು ಹೂಳಿದರೆಂಬ ಮಾತು ನಿಜವೇ?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಅವುಗಳ ಉತ್ತರಗಳು ಒಂದೇ ಸ್ಥಳದಲ್ಲಿ ಸಿಗುತ್ತವೆ. ಡೆನ್ ಕ್ರಿ.ಪೂ. 30ನೇ ಶತಮಾನದ ಸುಮಾರಿಗೆ, ಅಂದರೆ ಗೀಜಾದ ಮಹಾ ಪಿರಮಿಡ್ಡಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು ಆಳಿದವನು. ಅವನ ಆಳ್ವಿಕೆಯ ಬಗ್ಗೆ ನಾವು ಖಚಿತವಾಗಿ ಹೇಳಬಲ್ಲ ಸಂಗತಿಗಳಲ್ಲಿ ಬಹುಪಾಲು ಅವನ ಮತ್ತು ಅವನ ಅಧಿಕಾರಿಗಳ ಸಮಾಧಿಗಳಲ್ಲಿ ದೊರೆತ ವಸ್ತುಗಳಿಂದಲೇ ಬಂದಿವೆ. ಆದ್ದರಿಂದ ಮೊದಲು ಸಮಾಧಿ ಯಾವುದೆಂದು ತೀರ್ಮಾನಿಸಿಕೊಂಡು, ಅದರೊಳಗಿನ ವಸ್ತುಗಳ ಮೂಲಕ ಆಳ್ವಿಕೆಯತ್ತ ಹೋಗುವುದೇ ಸರಿಯಾದ ಕ್ರಮ. ಆಳ್ವಿಕೆಯನ್ನು ಮೊದಲು ವಿವರಿಸಿ ಕೊನೆಗೆ ಸಾವಿನ ಬಗ್ಗೆ ಎರಡು ಸಾಲು ಬರೆಯುವ ರೂಢಿ ಈ ಅರಸರ ವಿಷಯದಲ್ಲಿ ಓದುಗರ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಕ್ಕಾರದ ವಾದ ಹುಟ್ಟಿದ್ದಕ್ಕೆ ಕಾರಣವಿತ್ತು. ಇಂದಿನ ಕೈರೋ ನಗರದ ದಕ್ಷಿಣಕ್ಕೆ, ಹಳೆಯ ರಾಜಧಾನಿ ಮೆಂಫಿಸ್‌ಗೆ ಎದುರಾದ ಮರುಭೂಮಿಯ ಅಂಚಿನಲ್ಲಿ, ಮೊದಲ ರಾಜವಂಶದ ಕಾಲದ ದೊಡ್ಡ ಹಸಿ ಇಟ್ಟಿಗೆಯ ಸಮಾಧಿಗಳ ಸಾಲೇ ಇದೆ. ಅವುಗಳಲ್ಲಿ 3035 ಎಂಬ ಸಂಖ್ಯೆಯ ಸಮಾಧಿಯನ್ನು 1931ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫರ್ತ್ ಅಗೆಯಲಾರಂಭಿಸಿದರು. 1936ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ವಾಲ್ಟರ್ ಎಮೆರಿ ಆ ಕೆಲಸವನ್ನು ಮುಂದುವರಿಸಿದರು. ಸುಮಾರು 57 ಮೀಟರ್ ಉದ್ದ, 26 ಮೀಟರ್ ಅಗಲದ ಆ ಕಟ್ಟಡದ ಒಳಗೆ 45 ಉಗ್ರಾಣದ ಕೋಣೆಗಳಿದ್ದವು. ಹೊರಗೋಡೆ ಅರಮನೆಯ ಗೋಡೆಯ ಹಾಗೆ ಸಾಲು ಸಾಲು ಗೂಡುಗಳಿಂದ ಕೂಡಿತ್ತು. ಅಲ್ಲಿ ದೊರೆತ ಜಾಡಿಗಳ ಜೇಡಿಮಣ್ಣಿನ ಮುಚ್ಚಳಗಳ ಮೇಲೆ ಡೆನ್‌ನ ಹೆಸರೂ ಅವನ ಮುದ್ರಾಧಿಕಾರಿ ಹೆಮಾಕನ ಹೆಸರೂ ಒತ್ತಿದ್ದವು. ಎಮೆರಿ ಮೊದಲು ಇದನ್ನು ಹೆಮಾಕನ ಸಮಾಧಿಯೆಂದೇ ಪ್ರಕಟಿಸಿದರು. ಮುಂದೆ ಇಂಥ ಅನೇಕ ಭವ್ಯ ಸಮಾಧಿಗಳನ್ನು ಬಯಲಿಗೆ ತಂದ ಮೇಲೆ, ಇಷ್ಟು ದೊಡ್ಡವು ಅರಸರದ್ದಲ್ಲದೆ ಬೇರೆಯವರದ್ದಾಗಿರಲು ಸಾಧ್ಯವಿಲ್ಲ, ದೂರದ ದಕ್ಷಿಣದ ಅಬೈಡಾಸ್‌ನಲ್ಲಿರುವವು ಶವವಿಲ್ಲದ ಸ್ಮಾರಕ ಸಮಾಧಿಗಳು ಮಾತ್ರ ಎಂಬ ನಿಲುವಿಗೆ ಬಂದರು. ನೀವು ನೋಡಿದ ಹಳೆಯ ಪುಸ್ತಕ ಈ ನಿಲುವನ್ನೇ ಅನುಸರಿಸಿರಬೇಕು. ಅದರಲ್ಲಿ ಅರಸನ ಹೆಸರು ಉದಿಮು ಎಂದಿದ್ದರೆ ಗೊಂದಲ ಬೇಡ, ಅದು ಇದೇ ಹೆಸರನ್ನು ಹಿಂದಿನವರು ಓದುತ್ತಿದ್ದ ಬಗೆ.

ಆ ನಿಲುವನ್ನು ಇಂದು ಬಹುತೇಕ ಎಲ್ಲ ವಿದ್ವಾಂಸರೂ ಕೈಬಿಟ್ಟಿದ್ದಾರೆ. ಡೆನ್ ಒಬ್ಬನ ಕಾಲಕ್ಕೇ ಸೇರಿದ ದೊಡ್ಡ ಸಮಾಧಿಗಳು ಸಕ್ಕಾರದಲ್ಲಿ ಒಂದಲ್ಲ, ಹಲವು ಇವೆ. ಒಬ್ಬ ಅರಸನಿಗೆ ಅಷ್ಟೂ ಸಮಾಧಿಗಳು ಬೇಕಿರಲಿಲ್ಲ, ಆದರೆ ಅವನ ಕಾಲದಲ್ಲಿ ಬಲಿಷ್ಠರಾಗಿದ್ದ ಹಲವು ಅಧಿಕಾರಿಗಳಿಗೆ ಮತ್ತು ರಾಜಮನೆತನದವರಿಗೆ ಅವು ಬೇಕಾಗಿದ್ದವು. ಅರಸನ ಹೆಸರನ್ನು ಕೆತ್ತಿ ಜೋಡಿಯಾಗಿ ನಿಲ್ಲಿಸುತ್ತಿದ್ದ ದೊಡ್ಡ ಶಿಲಾಫಲಕಗಳು ದೊರೆತದ್ದು ಅಬೈಡಾಸ್‌ನಲ್ಲಿ. ಅಷ್ಟೇ ಅಲ್ಲದೆ, ಅಬೈಡಾಸ್‌ನ ಸಮಾಧಿಗಳು ಒಂಟಿಯಾಗಿ ನಿಂತವಲ್ಲ: ಮರುಭೂಮಿಯ ಒಳಗಿನ ಸಮಾಧಿಗೆ ಜೊತೆಯಾಗಿ, ಹೊಲಗಳ ಅಂಚಿಗೆ ಹತ್ತಿರದಲ್ಲಿ ಎತ್ತರದ ಗೋಡೆಯ ವಿಶಾಲ ಆವರಣಗಳನ್ನು ಅಂತ್ಯಸಂಸ್ಕಾರದ ವಿಧಿಗಳಿಗಾಗಿ ಕಟ್ಟುತ್ತಿದ್ದರು. ಇವೆರಡನ್ನೂ ಒಟ್ಟಾಗಿ ಪರಿಗಣಿಸಬೇಕೆಂದು ಪುರಾತತ್ವಜ್ಞ ಬ್ಯಾರಿ ಕೆಂಪ್ 1960ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಗಾತ್ರದ ವಾದ ಬಿದ್ದುಹೋಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ದೊರೆತದ್ದು 1985ರಲ್ಲಿ. ಗುಂಟರ್ ಡ್ರೈಯರ್ ನೇತೃತ್ವದ ಜರ್ಮನ್ ತಂಡಕ್ಕೆ ಡೆನ್‌ನ ಅಬೈಡಾಸ್ ಸಮಾಧಿಯಲ್ಲಿ ಒಂದು ಮುದ್ರೆಯ ಅಚ್ಚು ಬಿದ್ದಿದ್ದ ಜೇಡಿಮಣ್ಣಿನ ತುಣುಕುಗಳು ಸಿಕ್ಕವು. ಅದರಲ್ಲಿ ನಾರ್ಮೆರ್, ಅಹಾ, ಜೆರ್, ಜೆಟ್, ಡೆನ್ ಎಂಬ ಹೆಸರುಗಳು ಕ್ರಮವಾಗಿ ಇವೆ, ಕೊನೆಯಲ್ಲಿ 'ರಾಜಮಾತೆ ಮೆರ್ನೀತ್' ಎಂದಿದೆ. ಇದು ಆ ಸ್ಮಶಾನದ ಆಡಳಿತ ಬಳಸುತ್ತಿದ್ದ ಮುದ್ರೆ ಎಂದು ತಿಳಿಯಲಾಗಿದೆ. ಅಲ್ಲಿ ಹೂಳಲಾದ ಅರಸರ ಪಟ್ಟಿಯನ್ನು ಸಮಕಾಲೀನರೇ ಬರೆದಿಟ್ಟ ಮೇಲೆ, ಸಮಾಧಿ ಎಲ್ಲಿ ಎಂಬ ವಾದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಇದೇ ಮುದ್ರೆ ಇನ್ನೊಂದು ಹಳೆಯ ಗಂಟನ್ನೂ ಬಿಡಿಸಿತು. ಅಬೈಡಾಸ್‌ನಲ್ಲಿ ಅರಸರ ಸಮಾಧಿಗಳ ನಡುವೆಯೇ, ಅರಸರ ಸಮಾಧಿಯಷ್ಟೇ ಗೌರವದಿಂದ ಕಟ್ಟಿದ ಮೆರ್ನೀತ್‌ಳ ಸಮಾಧಿಯನ್ನು ಕಂಡ ಬ್ರಿಟಿಷ್ ಪುರಾತತ್ವಜ್ಞ ಪೀಟ್ರಿ, 1900ರಲ್ಲಿ ಈ ಹೆಸರು ಒಬ್ಬ ಪುರುಷ ಅರಸನದ್ದೆಂದೇ ಭಾವಿಸಿದ್ದರು. ಆಕೆ ಡೆನ್‌ನ ತಾಯಿ, ಅವನು ಬಾಲಕನಾಗಿದ್ದಾಗ ಅವನ ಪರವಾಗಿ ರಾಜ್ಯ ನಡೆಸಿದವಳು ಎಂಬುದು ಈಗ ಹೆಚ್ಚಿನವರು ಒಪ್ಪುವ ಅಭಿಪ್ರಾಯ. ಹಾಗಾಗಿ ಡೆನ್‌ನ ಆಳ್ವಿಕೆಯ ಮೊದಲ ಅಧ್ಯಾಯವನ್ನು ಮೆರ್ನೀತ್‌ಳ ಹೆಸರಿನಲ್ಲೇ ಬರೆಯಬೇಕು.

ಇನ್ನು ಸಮಾಧಿಯ ವಿಷಯ. ಅಬೈಡಾಸ್‌ನ ಈ ರಾಜ ಸ್ಮಶಾನಕ್ಕೆ ಸ್ಥಳೀಯರು ಉಮ್ ಅಲ್-ಕಾಬ್ ಎನ್ನುತ್ತಾರೆ, ಮಡಕೆಗಳ ತಾಯಿ ಎಂದು ಅರ್ಥ. ಎರಡು ಸಾವಿರ ವರ್ಷಗಳ ನಂತರವೂ ಭಕ್ತರು ಸತ್ತವರ ಲೋಕದ ಒಡೆಯನಾದ ಒಸಿರಿಸ್ ದೇವರಿಗೆಂದು ತಂದಿಟ್ಟ ಮಡಕೆಗಳ ಚೂರುಗಳು ಅಲ್ಲಿ ದಿಬ್ಬವಾಗಿ ಬಿದ್ದಿವೆ, ಏಕೆಂದರೆ ಡೆನ್‌ಗಿಂತ ಎರಡು ತಲೆ ಹಿಂದಿನ ಅರಸ ಜೆರ್‌ನ ಸಮಾಧಿಯನ್ನೇ ಅವರು ಒಸಿರಿಸ್‌ನ ಸಮಾಧಿಯೆಂದು ನಂಬಿದ್ದರು. ಡೆನ್‌ನ ಸಮಾಧಿಗೆ ವಿದ್ವಾಂಸರು ಕೊಟ್ಟಿರುವ ಗುರುತು 'ಟಿ'. ಮರುಭೂಮಿಯ ನೆಲದಲ್ಲಿ ಸುಮಾರು 6 ಮೀಟರ್ ಆಳಕ್ಕೆ ಅಗೆದು, ಒಳಗೆ ಹಸಿ ಇಟ್ಟಿಗೆಯ ದಪ್ಪ ಗೋಡೆ ಕಟ್ಟಿ, ಸುಮಾರು 15 ಮೀಟರ್ ಉದ್ದ ಮತ್ತು 9 ಮೀಟರ್ ಅಗಲದ ಕೋಣೆಯನ್ನು ಮಾಡಿದ್ದಾರೆ. ಅರಸನ ಶವವನ್ನು ಇಟ್ಟದ್ದು ಅದರೊಳಗೆ ಮರದಿಂದ ಕಟ್ಟಿದ್ದ ಮತ್ತೊಂದು ಮಂಟಪದಲ್ಲಿ.

ಈ ಕೋಣೆಯ ನೆಲವನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ಅರಸರ ಸಮಾಧಿಗಳೆಲ್ಲ ಇಟ್ಟಿಗೆ ಮತ್ತು ಮರದವು. ಡೆನ್‌ನ ಕೋಣೆಗೆ ಮಾತ್ರ ಕೆಂಪು ಮತ್ತು ಕಪ್ಪು ಗ್ರಾನೈಟ್ ಚಪ್ಪಡಿಗಳ ಹಾಸು. ಆ ಕಲ್ಲು ದಕ್ಷಿಣದ ತುದಿಯ ಅಸ್ವಾನ್‌ನಿಂದ ನೈಲ್ ನದಿಯ ಮೇಲೆ ದೋಣಿಗಳಲ್ಲಿ ಬಂದಿರಬೇಕು. ಕಬ್ಬಿಣ ಇಲ್ಲದ, ತಾಮ್ರದ ಉಪಕರಣಗಳೂ ದುಬಾರಿಯಾಗಿದ್ದ ಕಾಲದಲ್ಲಿ ಗ್ರಾನೈಟನ್ನು ಒಡೆದು, ಉಜ್ಜಿ, ಸಾಗಿಸಿ, ಆರು ಮೀಟರ್ ಆಳದ ಗುಂಡಿಯಲ್ಲಿ ಮಟ್ಟವಾಗಿ ಹಾಸುವುದಕ್ಕೆ ಎಷ್ಟು ಜನ, ಎಷ್ಟು ದವಸ, ಎಂಥ ಮೇಲ್ವಿಚಾರಣೆ ಬೇಕು ಎಂದು ಯೋಚಿಸಿ ನೋಡಿ. ಡೆನ್‌ನ ಅಧಿಕಾರ ಎಷ್ಟು ದೂರ ಚಾಚಿತ್ತು ಎಂಬುದಕ್ಕೆ ಯಾವ ಬಿರುದಿಗಿಂತಲೂ ಈ ನೆಲಹಾಸು ಹೆಚ್ಚು ನಂಬಬಹುದಾದ ದಾಖಲೆ. ಈಜಿಪ್ಟಿನ ಕಟ್ಟಡಗಳಲ್ಲಿ ಗಟ್ಟಿ ಕಲ್ಲನ್ನು ಈ ಪ್ರಮಾಣದಲ್ಲಿ ಬಳಸಿದ ಮೊದಲ ಉದಾಹರಣೆಯೂ ಇದೇ.

ಎರಡನೆಯ ಹೊಸತು ಮೆಟ್ಟಿಲುಗಳು. ಅದುವರೆಗೆ ಸಮಾಧಿಯ ಕೋಣೆಗೆ ಮೇಲಿನಿಂದಲೇ ಇಳಿಯಬೇಕಾಗಿತ್ತು, ಹೀಗಾಗಿ ಅರಸನ ಶವವನ್ನು ಇಳಿಸಿದ ಮೇಲೆಯೇ ಚಾವಣಿ ಹಾಕಿ ಮುಗಿಸಲು ಸಾಧ್ಯವಿತ್ತು. ಡೆನ್‌ನ ಸಮಾಧಿಗೆ ಪೂರ್ವದಿಂದ ಉದ್ದವಾದ ಮೆಟ್ಟಿಲುಗಳ ದಾರಿ ಮಾಡಿದರು. ಇದರಿಂದ ಚಾವಣಿ ಸೇರಿದಂತೆ ಇಡೀ ಸಮಾಧಿಯನ್ನು ಅರಸ ಬದುಕಿರುವಾಗಲೇ ಪೂರ್ಣಗೊಳಿಸಿ, ಸಾಮಾನುಗಳನ್ನು ತುಂಬಿ, ಕೊನೆಗೆ ಶವವನ್ನು ಮೆಟ್ಟಿಲುಗಳ ಮೂಲಕ ತಂದು, ಮೇಲಿನಿಂದ ಕಲ್ಲಿನ ಚಪ್ಪಡಿಯನ್ನು ಇಳಿಬಿಟ್ಟು ದಾರಿಯನ್ನು ಮುಚ್ಚಬಹುದಾಯಿತು. ಮುಂದಿನ ಅರಸರು ಈ ಪದ್ಧತಿಯನ್ನು ಬಿಡಲಿಲ್ಲ. ಸಮಾಧಿಯ ನೈಋತ್ಯ ಮೂಲೆಯಲ್ಲಿ ಪ್ರತ್ಯೇಕ ಮೆಟ್ಟಿಲುಗಳುಳ್ಳ ಇನ್ನೊಂದು ಚಿಕ್ಕ ಕೋಣೆಯಿದೆ. ಅಲ್ಲಿ ಅರಸನ ಪ್ರತಿಮೆ ಇದ್ದಿರಬೇಕು, ಸತ್ತ ಅರಸನ ಚೇತನ ಆ ಮೂಲಕ ಹೊರಬಂದು ಪಶ್ಚಿಮದ ಬೆಟ್ಟಗಳ ಕಣಿವೆಯ ಕಡೆಗೆ ಹೋಗುವುದೆಂಬ ನಂಬಿಕೆಯಿತ್ತು ಎಂಬುದು ಡ್ರೈಯರ್ ಅವರ ವಿವರಣೆ. ಮುಂದಿನ ಕಾಲದ ಸಮಾಧಿಗಳಲ್ಲಿ ಪ್ರತಿಮೆಗಾಗಿಯೇ ಮುಚ್ಚಿದ ಕೋಣೆ ಕಟ್ಟುವ ಪದ್ಧತಿ ಇರುವುದರಿಂದ ಈ ವಿವರಣೆ ನನಗೆ ಒಪ್ಪುವಂಥದ್ದಾಗಿ ಕಾಣುತ್ತದೆ.

ಅರಸನ ದೇಹ ಉಳಿದಿಲ್ಲ. ಸಮಾಧಿಯನ್ನು ಪ್ರಾಚೀನ ಕಾಲದಲ್ಲೇ ದೋಚಿದರು, ಮರದ ಮಂಟಪ ಬೆಂಕಿಗೆ ಆಹುತಿಯಾಯಿತು. 1890ರ ದಶಕದಲ್ಲಿ ಫ್ರಾನ್ಸಿನ ಅಮೆಲಿನೊ ಇಲ್ಲಿ ಅವಸರದಿಂದ ಅಗೆದು, ಸುಂದರವಾದ ವಸ್ತುಗಳನ್ನು ಆರಿಸಿಕೊಂಡು ಉಳಿದದ್ದನ್ನು ಮಣ್ಣಿನೊಂದಿಗೆ ಹೊರಗೆ ಎಸೆಸಿದರು. ಅವರ ನಂತರ 1899ರಿಂದ 1901ರವರೆಗೆ ಕೆಲಸ ಮಾಡಿದ ಫ್ಲಿಂಡರ್ಸ್ ಪೀಟ್ರಿ, ಆ ಕಸದ ರಾಶಿಗಳನ್ನೂ ಬಿಡದೆ ಜರಡಿ ಹಿಡಿದರು. ಇಲ್ಲಿ ಪೀಟ್ರಿಯವರಿಗೆ ನಾವು ಎಷ್ಟು ಋಣಿಗಳಾಗಿದ್ದರೂ ಸಾಲದು, ಏಕೆಂದರೆ ಡೆನ್‌ನ ಆಳ್ವಿಕೆಯನ್ನು ನಾವು ಓದುತ್ತಿರುವುದೇ ಹಾಗೆ ಉಳಿದ ಚೂರುಗಳಲ್ಲಿ.

ಆ ಚೂರುಗಳಲ್ಲಿ ಮುಖ್ಯವಾದವು ದಂತ ಮತ್ತು ಕರಿಮರದ ಚಿಕ್ಕ ಬಿಲ್ಲೆಗಳು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಗಾತ್ರ, ಮೂಲೆಯಲ್ಲಿ ದಾರ ಪೋಣಿಸಲು ಒಂದು ತೂತು. ಗೋದಾಮಿನ ಮೂಟೆಗೆ ಕಟ್ಟುವ ಚೀಟಿಯ ಕೆಲಸವನ್ನೇ ಇವೂ ಮಾಡುತ್ತಿದ್ದವು: ಎಣ್ಣೆಯ ಜಾಡಿಗೋ ಬೇರೆ ಸಾಮಾನಿಗೋ ಕಟ್ಟಿ, ಅದರಲ್ಲಿ ಏನಿದೆ, ಯಾವ ಅಧಿಕಾರಿಯ ಹೊಣೆ, ಯಾವ ವರ್ಷದ್ದು ಎಂದು ಗುರುತಿಸಲು. ವರ್ಷಗಳಿಗೆ ಆಗ ಸಂಖ್ಯೆ ಇರಲಿಲ್ಲ, ಆ ವರ್ಷ ನಡೆದ ಮುಖ್ಯ ಸಂಗತಿಯೇ ವರ್ಷದ ಹೆಸರು. ಲೆಕ್ಕ ಇಡುವ ಗುಮಾಸ್ತ ವರ್ಷವನ್ನು ಗುರುತಿಸಲೆಂದು ಬರೆದ ಆ ಸಂಗತಿಗಳೇ ಇಂದು ನಮಗೆ ಆ ಕಾಲದ ಇತಿಹಾಸವಾಗಿವೆ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಕರಿಮರದ ಬಿಲ್ಲೆಯನ್ನು ನೋಡಿ. ಬಲ ಅಂಚಿನಲ್ಲಿ ವರ್ಷವೆಂಬುದನ್ನು ಸೂಚಿಸುವ ತಾಳೆಗರಿಯ ಚಿಹ್ನೆ ಉದ್ದಕ್ಕೂ ಇಳಿದು ಮೇಲ್ತುದಿಯಲ್ಲಿ ಬಾಗಿದೆ. ಅದರ ಪಕ್ಕದಲ್ಲಿ, ಮೇಲಿನ ಸಾಲಿನಲ್ಲಿ, ಮೆಟ್ಟಿಲುಗಳ ಪೀಠದ ಮೇಲಿನ ಮಂಟಪದಲ್ಲಿ ಅರಸ ಕುಳಿತಿದ್ದಾನೆ. ಅದೇ ಅರಸ ಪಕ್ಕದಲ್ಲಿ ಮತ್ತೊಮ್ಮೆ, ಗಡಿಗಲ್ಲುಗಳ ನಡುವೆ ಓಡುತ್ತಿದ್ದಾನೆ. ಇದು ಸೆಡ್ ಉತ್ಸವ. ಅರಸ ತನ್ನ ಶಕ್ತಿಯನ್ನು ಹೊಸದಾಗಿಸಿಕೊಂಡು ರಾಜ್ಯದ ಮೇಲಿನ ಹಕ್ಕನ್ನು ಎಲ್ಲರೆದುರು ಮತ್ತೆ ಸ್ಥಾಪಿಸುವ ಆಚರಣೆ. ಅವನ ತಲೆಯ ಮೇಲಿರುವುದು ಮೇಲಿನ (ದಕ್ಷಿಣದ) ಈಜಿಪ್ಟಿನ ಬಿಳಿ ಕಿರೀಟವನ್ನೂ ಕೆಳಗಿನ (ಉತ್ತರದ) ಈಜಿಪ್ಟಿನ ಕೆಂಪು ಕಿರೀಟವನ್ನೂ ಕೂಡಿಸಿದ ಜೋಡಿ ಕಿರೀಟ. ಒಬ್ಬ ಅರಸ ಇದನ್ನು ಧರಿಸಿರುವುದು ನಿಸ್ಸಂದೇಹವಾಗಿ ಕಾಣಿಸುವುದು ಡೆನ್‌ನ ಕಾಲದಿಂದ. ಎರಡೂ ಭಾಗಗಳ ಒಡೆಯನೆಂದು ಸಾರುವ 'ನೆಸು-ಬಿತಿ' ಎಂಬ ಬಿರುದನ್ನು ಮೊದಲು ತಳೆದವನೂ ಅವನೇ. ಮುಂದಿನ ಮೂರು ಸಾವಿರ ವರ್ಷ ಈಜಿಪ್ಟಿನ ಅರಸರು ಈ ಬಿರುದನ್ನು ಬಿಡಲಿಲ್ಲ. ಬಿಲ್ಲೆಯ ಕೆಳಭಾಗದಲ್ಲಿ ಕೋಟೆಗೋಡೆಯ ಊರೊಂದರ ನಾಶ ಚಿತ್ರಿತವಾಗಿದೆ. ಎಡಬದಿಯಲ್ಲಿ ಡೆನ್‌ನ ಹೆಸರು, ಅದರ ಹತ್ತಿರದಲ್ಲೇ ಹೆಮಾಕನ ಹೆಸರು. ಸಕ್ಕಾರದ ಆ ದೊಡ್ಡ ಸಮಾಧಿಯ ಒಡೆಯ ಅಬೈಡಾಸ್‌ನ ಅರಸನ ಸಮಾಧಿಯಲ್ಲಿ ಹೊಣೆಗಾರ ಅಧಿಕಾರಿಯಾಗಿ ಕಾಣಿಸಿಕೊಂಡಾಗ, ಯಾರ ಸಮಾಧಿ ಯಾವುದೆಂಬುದು ಇನ್ನೊಮ್ಮೆ ಸ್ಪಷ್ಟವಾಗುತ್ತದೆ.

ಹೆಮಾಕನ ಸಮಾಧಿಯಲ್ಲಿ ಸಿಕ್ಕ ಒಂದು ವಸ್ತುವನ್ನು ಇಲ್ಲಿ ಹೇಳದಿರಲಾರೆ. ಒಂದು ಪುಟ್ಟ ದುಂಡು ಪೆಟ್ಟಿಗೆಯಲ್ಲಿ ಪಪೈರಸ್ ಸುರುಳಿಯಿತ್ತು, ನಮಗೆ ತಿಳಿದಿರುವ ಪಪೈರಸ್‌ಗಳಲ್ಲೇ ಅತ್ಯಂತ ಹಳೆಯದು. ಅದರ ಮೇಲೆ ಒಂದಕ್ಷರವೂ ಇಲ್ಲ. ಬರೆಯುವುದು ಆಡಳಿತದ ದಿನನಿತ್ಯದ ಕೆಲಸವಾಗಿತ್ತು, ಸತ್ತ ಮೇಲೂ ಈ ಅಧಿಕಾರಿಗೆ ಬರೆಯುವ ಹಾಳೆ ಬೇಕಿತ್ತು ಎಂಬುದನ್ನು ಆ ಖಾಲಿ ಸುರುಳಿ ತಿಳಿಸುತ್ತದೆ. ಡೆನ್‌ನ ಕಾಲದ ಬರಹಗಳಲ್ಲಿ ಬಹುಪಾಲು ನಾಶವಾಗಿ, ದಂತ, ಕರಿಮರ ಮತ್ತು ಮಣ್ಣಿನ ಮೇಲಿನವು ಮಾತ್ರ ಉಳಿದವು.

ಡೆನ್‌ನ ಯುದ್ಧಗಳ ಬಗ್ಗೆ ಹೇಳುವಾಗ ಎಲ್ಲರೂ ತೋರಿಸುವುದು ಇನ್ನೊಂದು ಬಿಲ್ಲೆಯನ್ನು. ಅದು ದಂತದ್ದು, ಸುಮಾರು 5 ಸೆಂಟಿಮೀಟರ್ ಅಗಲ, ಅದೂ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ. ಅರಸ ಗದೆಯನ್ನು ಎತ್ತಿ, ಮೊಣಕಾಲೂರಿದ ಗಡ್ಡಧಾರಿ ಶತ್ರುವಿನ ಜುಟ್ಟು ಹಿಡಿದಿದ್ದಾನೆ. ಮರಳುನೆಲವನ್ನು ಚುಕ್ಕೆಗಳಿಂದ ತೋರಿಸಿದ್ದಾರೆ. 'ಪೂರ್ವದವರನ್ನು ಬಡಿದ ಮೊದಲ ಬಾರಿ' ಎಂಬ ಬರಹವಿದೆ. ಇದೇ ಬಿಲ್ಲೆಯ ಹಿಂಬದಿಯಲ್ಲಿ ಒಂದು ಜೊತೆ ಪಾದರಕ್ಷೆಗಳ ಚಿತ್ರ ಕೊರೆದಿದೆ, ಅಂದರೆ ಇದು ಸಮಾಧಿಯಲ್ಲಿಟ್ಟ ಅರಸನ ಪಾದರಕ್ಷೆಗಳಿಗೆ ಕಟ್ಟಿದ್ದ ಬಿಲ್ಲೆ. ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತುವ ಈ ಭಂಗಿ ನಾರ್ಮೆರ್‌ನ ಪ್ರಸಿದ್ಧ ಫಲಕದಲ್ಲೂ ಇರುವುದರಿಂದ, ಇದನ್ನು ಕಣ್ಣಾರೆ ಕಂಡ ಯುದ್ಧದ ಚಿತ್ರವೆಂದು ತಿಳಿಯಬಾರದು, ಇದು ಅರಸತನದ ಸಿದ್ಧ ಮಾದರಿ. ಹಾಗೆಂದು ಪೂರ್ವದ ದಂಡಯಾತ್ರೆ ಕೇವಲ ಕಲ್ಪನೆಯೂ ಅಲ್ಲ. ದಕ್ಷಿಣ ಸಿನಾಯ್‌ನ ವಾದಿ ಅಲ್-ಹುಮುರ್ ಎಂಬ ಕಣಿವೆಯ ಬಂಡೆಗಳ ಮೇಲೆ ಡೆನ್ ಶತ್ರುವನ್ನು ಬಡಿಯುತ್ತಿರುವ ಕೆತ್ತನೆಗಳು ದೊರೆತಿವೆ. ಸಮಾಧಿಯ ಹೊರಗೆ, ನೂರಾರು ಕಿಲೋಮೀಟರ್ ದೂರದ ಬಂಡೆಯ ಮೇಲೆ ಅದೇ ಹೆಸರು, ಅದೇ ಭಂಗಿ ಇರುವಾಗ, ಅವನ ಜನ ಅಲ್ಲಿಗೆ ಹೋಗಿದ್ದಂತೂ ಖಂಡಿತ.

ಆಳ್ವಿಕೆಯ ಅವಧಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಈಜಿಪ್ಟಿನ ಪುರೋಹಿತ ಮನೆಥೊ ಈ ಅರಸನಿಗೆ 20 ವರ್ಷ ಕೊಟ್ಟಿದ್ದಾನೆ. ಅದು ತೀರ ಕಡಿಮೆ. ಅರಸನ ಎರಡನೆಯ ಸೆಡ್ ಉತ್ಸವವನ್ನು ಹೆಸರಿಸುವ ಬರಹವೊಂದು ಸಿಕ್ಕಿದೆ, ಮತ್ತು ಮೊದಲ ಉತ್ಸವ ಸಾಮಾನ್ಯವಾಗಿ ಆಳ್ವಿಕೆಯ 30ನೇ ವರ್ಷದ ಸುಮಾರಿಗೆ ನಡೆಯುತ್ತಿತ್ತು. ಐದನೆಯ ರಾಜವಂಶದ ಕಾಲದಲ್ಲಿ ಹಿಂದಿನ ಅರಸರ ಒಂದೊಂದು ವರ್ಷವನ್ನೂ ಒಂದೊಂದು ಚೌಕದಲ್ಲಿ ಕೆತ್ತಿ, ಪ್ರತಿ ಚೌಕದ ಕೆಳಗೆ ಆ ವರ್ಷದ ನೈಲ್ ಪ್ರವಾಹದ ಎತ್ತರವನ್ನು ಮೊಳ, ಅಂಗೈ, ಬೆರಳುಗಳಲ್ಲಿ ನಮೂದಿಸಿದ ಕಪ್ಪು ಕಲ್ಲಿನ ದೊಡ್ಡ ತುಂಡೊಂದು ಇಂದು ಇಟಲಿಯ ಪಾಲೆರ್ಮೊ ನಗರದಲ್ಲಿದೆ. ಅದರ ಮೂರನೆಯ ಸಾಲಿನಲ್ಲಿ ಅರಸನ ಹೆಸರು ಒಡೆದುಹೋಗಿದ್ದರೂ, ಸೆಡ್ ಉತ್ಸವ, ಅಲೆಮಾರಿಗಳ ಮೇಲಿನ ದಾಳಿ, ನೀರಾನೆಯ ಬೇಟೆ ಮೊದಲಾದ ಘಟನೆಗಳು ಡೆನ್‌ನ ಬಿಲ್ಲೆಗಳಿಗೂ ಮುದ್ರೆಗಳಿಗೂ ಹೊಂದುವುದರಿಂದ ಅದನ್ನು ಅವನದೇ ಸಾಲೆಂದು ಗುರುತಿಸಿದ್ದಾರೆ. ಒಡೆದ ಭಾಗವನ್ನು ಲೆಕ್ಕಹಾಕಿ ಕೂಡಿಸಿದರೆ ಆಳ್ವಿಕೆ ಸುಮಾರು 40 ವರ್ಷಕ್ಕೆ ಬರುತ್ತದೆ. ಬಾಲ್ಯದಲ್ಲೇ ಪಟ್ಟಕ್ಕೆ ಬಂದವನೆಂಬ ಅಭಿಪ್ರಾಯಕ್ಕೂ ಇದು ಹೊಂದುತ್ತದೆ. ಡೆನ್ ತೀರಿಹೋಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ಕ್ರಿ.ಪೂ. 1550ರ ಸುಮಾರಿನ ಏಬರ್ಸ್ ವೈದ್ಯಕೀಯ ಪಪೈರಸ್ ಕೂಡ ತನ್ನ ಒಂದು ಭಾಗವನ್ನು ಈ ಅರಸನ ಕಾಲಕ್ಕೆ ಜೋಡಿಸಿಕೊಂಡಿದೆ.

ಕೊನೆಯದಾಗಿ ಸೇವಕರ ಪ್ರಶ್ನೆ. ಡೆನ್‌ನ ಸಮಾಧಿಯ ಸುತ್ತ ಇಟ್ಟಿಗೆಯ ಗೋಡೆಗಳಿಂದ ವಿಂಗಡಿಸಿದ 130ಕ್ಕೂ ಹೆಚ್ಚು ಚಿಕ್ಕ ಗುಂಡಿಗಳು ಸಾಲಾಗಿವೆ. ಈ ಸ್ಮಶಾನದ ಇಂಥ ಗುಂಡಿಗಳಲ್ಲಿ ಒರಟಾಗಿ ಕೆತ್ತಿದ ಪುಟ್ಟ ಸುಣ್ಣಕಲ್ಲಿನ ಫಲಕಗಳು ದೊರೆತಿವೆ. ಅವುಗಳ ಮೇಲೆ ಹೆಂಗಸರ, ಗಂಡಸರ, ಕುಳ್ಳರ ಹೆಸರುಗಳಿವೆ, ಕೆಲವು ಕಡೆ ನಾಯಿಗಳ ಹೆಸರುಗಳೂ ಇವೆ. ಅರಮನೆಯಲ್ಲಿ ಅರಸನಿಗೆ ಹತ್ತಿರದಲ್ಲಿದ್ದವರು ಇವರು. ಎಲ್ಲರೂ ಸಹಜವಾಗಿ ಸತ್ತು, ಒಬ್ಬೊಬ್ಬರಾಗಿ ಇಲ್ಲಿ ಜಾಗ ಪಡೆದವರೇ? ಹಾಗೆ ವಾದಿಸಿದವರು ಇದ್ದಾರೆ. ಆದರೆ ಅದೇ ವಂಶದ ನಂತರದ ಅರಸರಲ್ಲೊಬ್ಬನಾದ ಸೆಮೆರ್ಖೆತ್‌ನ ಸಮಾಧಿಯಲ್ಲಿ ಅರಸನ ಕೋಣೆಗೂ ಸುತ್ತಲಿನ ಗುಂಡಿಗಳಿಗೂ ಒಂದೇ ಚಾವಣಿ ಇದ್ದುದನ್ನು ಪೀಟ್ರಿ ಗಮನಿಸಿದರು. ಒಂದೇ ಚಾವಣಿಯನ್ನು ಒಂದೇ ಬಾರಿ ಮುಚ್ಚಬೇಕಾದರೆ ಅದರ ಕೆಳಗಿನವರೆಲ್ಲ ಆ ಹೊತ್ತಿಗೆ ಸತ್ತಿರಬೇಕು. ಅರಸ ಅಹಾನ ಸಮಾಧಿಯ ಸುತ್ತ ಹೂಳಿದವರ ಮೂಳೆಗಳು ಬಹುತೇಕ ಎಳೆಯ ವಯಸ್ಸಿನವರವು. ಇವೆಲ್ಲವನ್ನೂ ಕೂಡಿಸಿ ನೋಡಿದಾಗ, ಮೊದಲ ರಾಜವಂಶದಲ್ಲಿ ಅರಸನೊಂದಿಗೆ ಜನರನ್ನು ಕೊಂದು ಹೂಳುವ ಪದ್ಧತಿ ಇತ್ತು ಎಂಬ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಡೆನ್‌ನ ಕಾಲದ ಗ್ರಾನೈಟ್ ನೆಲವನ್ನು ಹೊಗಳುವವರು ಅದರ ಸುತ್ತಲಿನ ಈ ಗುಂಡಿಗಳನ್ನು ಒಂದು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ನೆಲವನ್ನು ಹಾಸಿಸಿದ ಅಧಿಕಾರವೇ ಅವರನ್ನೂ ಅಲ್ಲಿ ಮಲಗಿಸಿತು.

ಈ ಪದ್ಧತಿ ಏರುತ್ತ ಹೋಗಲಿಲ್ಲ, ಇಳಿಯುತ್ತ ಬಂತು. ಜೆರ್‌ನ ಸಮಾಧಿಯ ಸುತ್ತ 300ಕ್ಕೂ ಹೆಚ್ಚು ಗುಂಡಿಗಳಿದ್ದವು. ಡೆನ್‌ನದ್ದು ಅದರ ಅರ್ಧಕ್ಕಿಂತ ಕಡಿಮೆ, ವಂಶದ ಕೊನೆಯ ಅರಸರಲ್ಲೊಬ್ಬನಾದ ಕಾಆನ ಸಮಾಧಿಯಲ್ಲಿ 26. ಅದೇ ಸ್ಮಶಾನದಲ್ಲಿ ಸಮಾಧಿಯಾದ ಎರಡನೆಯ ರಾಜವಂಶದ ಪೆರಿಬ್ಸೆನ್ ಮತ್ತು ಖಾಸೆಖೆಮ್ವಿಯ ಸಮಾಧಿಗಳ ಸುತ್ತ ಅಂಥ ಸಾಲುಗಳು ಕಾಣುವುದಿಲ್ಲ. ಮನುಷ್ಯರ ಬದಲಿಗೆ ಶಬ್ತಿ ಎಂಬ ಸೇವಕ ಗೊಂಬೆಗಳನ್ನು ಇಡಲಾರಂಭಿಸಿದ್ದರಿಂದ ಈ ಪದ್ಧತಿ ನಿಂತಿತು ಎಂಬ ಮಾತು ಜನಪ್ರಿಯ ಪುಸ್ತಕಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ನಂಬಬೇಡಿ. ಆ ಗೊಂಬೆಗಳು ಬಳಕೆಗೆ ಬಂದದ್ದು ಈ ಪದ್ಧತಿ ನಿಂತು ಅನೇಕ ಶತಮಾನಗಳು ಕಳೆದ ಮೇಲೆ.